ಅಮ್ಮನ ಮೇಲೆ ಕೇಸು ಹಾಕಿದ ಜಾಕಿ ಕೂಗನ್ ಮತ್ತು ಮಕ್ಕಳ ದುಡಿಮೆಯ ದುಡ್ಡು

ಕ್ಯಾಲಿಫೋರ್ನಿಯಾದಲ್ಲಿ ಮಗುವೊಂದು ಸಿನಿಮಾದಲ್ಲೋ ಧಾರಾವಾಹಿಯಲ್ಲೋ ನಟಿಸಬೇಕಾದರೆ ಮೊದಲು ಅದರ ಹೆಸರಲ್ಲಿ ಒಂದು ಖಾತೆ ತೆರೆಯಬೇಕು. ಮಗುವಿನ ಸಂಭಾವನೆಯಲ್ಲಿ ಶೇ. 15ರಷ್ಟು ನೇರವಾಗಿ ಆ ಖಾತೆಗೆ ಹೋಗುತ್ತದೆ. ಮಗು ದೊಡ್ಡದಾಗುವವರೆಗೆ ಅದನ್ನು ಯಾರೂ ಮುಟ್ಟುವ ಹಾಗಿಲ್ಲ, ಹೆತ್ತವರೂ ಕೂಡ. ಅಲ್ಲಿನ ಸಿನಿಮಾದವರು ಇದನ್ನು ಕೂಗನ್ ಖಾತೆ ಅಂತ ಕರೀತಾರೆ. ಈ ಕೂಗನ್ ಯಾರು ಅಂತ ಕೇಳಿದರೆ ಇವತ್ತಿನ ಬಹಳ ಜನಕ್ಕೆ ಗೊತ್ತಿಲ್ಲ. ಆದರೆ ಅವನ ಮುಖ ತೋರಿಸಿದರೆ ತಕ್ಷಣ ಗುರುತು ಹಿಡೀತಾರೆ. ಹರಿದ ಚಡ್ಡಿ, ದೊಡ್ಡದಾದ ಟೋಪಿ, ಬಾಗಿಲ ಮೆಟ್ಟಿಲ ಮೇಲೆ ಚಾರ್ಲಿ ಚಾಪ್ಲಿನ್ ಪಕ್ಕದಲ್ಲಿ ಕೂತ ಪುಟ್ಟ ಹುಡುಗ. 'ದಿ ಕಿಡ್' ಸಿನಿಮಾದ ಆ ಹುಡುಗನೇ ಜಾಕಿ ಕೂಗನ್.

ಅವನ ಕತೆಯನ್ನು ಸಾಮಾನ್ಯವಾಗಿ ಹೇಳುವ ಕ್ರಮ ಹೀಗಿದೆ: ಲಕ್ಷಾಂತರ ಡಾಲರ್ ದುಡಿದ, ಹೆತ್ತವರೇ ಖರ್ಚು ಮಾಡಿಬಿಟ್ಟರು, ಕೋರ್ಟಿಗೆ ಹೋದ, ಒಂದಿಷ್ಟು ಸಿಕ್ಕಿತು, ಒಂದು ಕಾನೂನು ಬಂತು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಜಾಕಿಯ ಬದುಕನ್ನು ಓದುತ್ತಾ ಹೋದ ಹಾಗೆ ನನಗೆ ಅನ್ನಿಸಿದ್ದು ಬೇರೆ. ಕಳೆದುಹೋದ ದುಡ್ಡಿನ ಲೆಕ್ಕವನ್ನು ಕೋರ್ಟು ಹಾಕಿತು. ಅದರ ಜೊತೆಗೆ ಹೋದ ಇನ್ನೊಂದರ ಲೆಕ್ಕ ಯಾರೂ ಹಾಕಲಿಲ್ಲ. ಇವತ್ತು ನಮ್ಮ ಮನೆಗಳಲ್ಲಿ, ನಮ್ಮ ಟಿವಿ ಮತ್ತು ಮೊಬೈಲ್‌ಗಳಲ್ಲಿ ನಡೀತಿರೋದನ್ನ ನೋಡಿದರೆ ಆ ಇನ್ನೊಂದರ ಬಗ್ಗೆ ಮಾತಾಡಲೇಬೇಕು.

ಜಾಕಿ ಹುಟ್ಟಿದ್ದು 1914ರ ಅಕ್ಟೋಬರ್ 26ರಂದು, ಲಾಸ್ ಏಂಜಲೀಸಿನಲ್ಲಿ. ಅಪ್ಪ ಜ್ಯಾಕ್ ಕೂಗನ್ ರಂಗದ ಮೇಲೆ ಕುಣಿಯುವ, ನಗಿಸುವ ಕಲಾವಿದ. ಅಮ್ಮ ಲಿಲಿಯನ್ ಕೂಡ ಅದೇ ಲೋಕದವಳು. ನಮ್ಮ ಕಂಪನಿ ನಾಟಕದವರ ಹಾಗೆ ಊರೂರು ತಿರುಗುವ ಬದುಕು. ಇವತ್ತು ಚಪ್ಪಾಳೆ, ನಾಳೆ ಕೆಲಸ ಉಂಟೋ ಇಲ್ಲವೋ ಗೊತ್ತಿಲ್ಲ. ದುಡ್ಡಿನ ಮೇಲೆ ಆ ಕುಟುಂಬಕ್ಕಿದ್ದ ಹಿಡಿತ ಎಲ್ಲಿಂದ ಬಂತು ಅಂತ ಯೋಚಿಸುವವರು ಈ ಅಭದ್ರತೆಯನ್ನೂ ನೆನಪಲ್ಲಿಟ್ಟುಕೊಳ್ಳಬೇಕು. ಎಷ್ಟೋ ಮನೆಗಳಲ್ಲಿ ಆಸೆ ಅನ್ನೋದು ಹುಟ್ಟೋದೇ ಭಯದಿಂದ.

1919ರಲ್ಲಿ ಲಾಸ್ ಏಂಜಲೀಸಿನ ಆರ್ಫಿಯಂ ಥಿಯೇಟರಿನಲ್ಲಿ ಅಪ್ಪನ ಪ್ರದರ್ಶನವಿತ್ತು. ಅಲ್ಲಿ ವೇದಿಕೆ ಮೇಲೆ ಬಂದು ನಾಲ್ಕು ಹೆಜ್ಜೆ ಹಾಕಿ ಹೋದ ಈ ಪೋರನನ್ನು ಚಾಪ್ಲಿನ್ ನೋಡಿದ. ಆಗ ಚಾಪ್ಲಿನ್ ತನ್ನ ಮೊದಲ ಮಗುವನ್ನು ಹುಟ್ಟಿದ ಮೂರೇ ದಿನಕ್ಕೆ ಕಳಕೊಂಡಿದ್ದ. ಅವನ ಸ್ವಂತ ಬಾಲ್ಯವೂ ಅಂಥದ್ದೇ. ಲಂಡನ್ನಿನಲ್ಲಿ ತಾಯಿ ಮತ್ತು ಅಣ್ಣನ ಜೊತೆ ಬಡವರ ವರ್ಕ್‌ಹೌಸಿಗೆ, ಅಂದರೆ ಗತಿಯಿಲ್ಲದವರನ್ನು ಸೇರಿಸಿಕೊಂಡು ದುಡಿಸುತ್ತಿದ್ದ ಆಶ್ರಯಮನೆಗೆ, ಸೇರಿದಾಗ ಅವನಿಗೆ ಏಳು ವರ್ಷ. ಮಗುವನ್ನು ಪ್ರೀತಿಸಿದವರ ಕೈಯಿಂದ ಕಿತ್ತುಕೊಂಡು ಹೋಗೋದು ಅಂದರೆ ಏನು ಅಂತ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. 'ದಿ ಕಿಡ್' ಹುಟ್ಟಿದ್ದು ಆ ಗಾಯದಿಂದ.

ಆ ಸಿನಿಮಾದಲ್ಲಿ ಅನಾಥಾಲಯದವರು ಹುಡುಗನನ್ನು ಎತ್ತಿ ಗಾಡಿಗೆ ಹಾಕುವ ದೃಶ್ಯವಿದೆ. ಗಾಡಿಯಲ್ಲಿ ನಿಂತು ಕೈ ಚಾಚಿ ಅಳುವ ಜಾಕಿಯನ್ನು ನೋಡಿ ನೂರು ವರ್ಷಗಳಿಂದ ಜನ ಕಣ್ಣೊರೆಸಿಕೊಳ್ಳುತ್ತಾ ಬಂದಿದ್ದಾರೆ. ಅದನ್ನು ತೆಗೆದ ಬಗೆಯನ್ನು ಚಾಪ್ಲಿನ್ ತನ್ನ ಆತ್ಮಕಥೆಯಲ್ಲಿ ಹೇಳಿದ್ದಾನೆ. ಹುಡುಗ ಅವತ್ತು ಆಟದ ಮೂಡಿನಲ್ಲಿದ್ದ, ಏನು ಮಾಡಿದರೂ ಅಳು ಬರಲಿಲ್ಲ. ಆಗ ಅಪ್ಪ ಜ್ಯಾಕ್ ತಾನು ಅಳಿಸುತ್ತೇನೆ ಅಂತ ಮುಂದೆ ಬಂದ. ಅಳದಿದ್ದರೆ ಸ್ಟುಡಿಯೋದಿಂದ ಕರಕೊಂಡು ಹೋಗಿ ನಿಜವಾದ ವರ್ಕ್‌ಹೌಸಿಗೆ ಸೇರಿಸಿಬಿಡ್ತೀನಿ ಅಂತ ಹೆದರಿಸಿದ. ಹುಡುಗ ಬಿಕ್ಕಿ ಬಿಕ್ಕಿ ಅತ್ತ. ಕ್ಯಾಮೆರಾ ಓಡಿತು. ಆಮೇಲೆ ಚಾಪ್ಲಿನ್ ಅವನನ್ನು ಎತ್ತಿಕೊಂಡು ಸಮಾಧಾನ ಮಾಡಲು ಹೋದರೆ, ಅಪ್ಪ ತಮಾಷೆಗೆ ಹೇಳಿದ್ದು ಅಂತ ತನಗೆ ಗೊತ್ತಿತ್ತು ಅಂದನಂತೆ ಆ ಹುಡುಗ.

ಈ ಪ್ರಸಂಗವನ್ನು ಎಲ್ಲರೂ ನಗುತ್ತಾ ಹೇಳ್ತಾರೆ. ನನಗೆ ಮಾತ್ರ ನಗು ಬರೋದಿಲ್ಲ. ಐದು ವರ್ಷದ ಮಗುವಿನ ಭಯ ಅವತ್ತು ಒಂದು ಕಚ್ಚಾ ಮಾಲು. ಅದನ್ನು ಹೊರಗೆ ತೆಗೆಯುವ ಕೆಲಸಗಾರ ಸ್ವತಃ ಅಪ್ಪ. ಅಪ್ಪ ಕೆಟ್ಟವನಾಗಿದ್ದ ಅಂತ ನಾನು ಹೇಳ್ತಿಲ್ಲ. ಆದರೆ ಮನೆಗೂ ಕೆಲಸಕ್ಕೂ ನಡುವೆ ಇರಬೇಕಾದ ಗೋಡೆ ಅವತ್ತೇ ಬಿದ್ದಿತ್ತು. ಅಪ್ಪ ತಮಾಷೆ ಮಾಡ್ತಿದ್ದಾನೆ, ನನ್ನನ್ನು ಯಾರಿಗೂ ಕೊಡೋದಿಲ್ಲ ಅನ್ನುವ ನಂಬಿಕೆಯೊಂದೇ ಆ ಹುಡುಗನನ್ನು ಕಾಪಾಡಿದ್ದು. ಮುಂದಿನ ಕತೆ ಏನಿದ್ದರೂ ಆ ನಂಬಿಕೆಯದು.

1921ರಲ್ಲಿ 'ದಿ ಕಿಡ್' ಬಿಡುಗಡೆಯಾಯಿತು. ಆರು ವರ್ಷದ ಜಾಕಿ ರಾತ್ರೋರಾತ್ರಿ ಜಗತ್ತಿನ ಅತಿ ಪ್ರಸಿದ್ಧ ಮಗುವಾದ. ಮರುವರ್ಷ 'ಆಲಿವರ್ ಟ್ವಿಸ್ಟ್' ಸಿನಿಮಾದಲ್ಲಿ ಅವನೇ ಆಲಿವರ್. ಮೆಟ್ರೋ ಕಂಪನಿ ಅವನನ್ನು ತನ್ನ ಕಡೆ ಸೆಳೆಯಲು ಕೊಟ್ಟ ಮೊತ್ತವೇ 5 ಲಕ್ಷ ಡಾಲರ್. ಅವನ ಹೆಸರಿನಲ್ಲೇ ನಿರ್ಮಾಣ ಸಂಸ್ಥೆ ಶುರುವಾಯಿತು. ಬೊಂಬೆ, ಸೀಟಿ, ಕಡಲೆಬೀಜದ ಬೆಣ್ಣೆ, ಬರೆಯುವ ಕಾಗದ, ಹೀಗೆ ಅಂಗಡಿಯಲ್ಲಿ ಮಾರಬಹುದಾದ ಎಲ್ಲದರ ಮೇಲೂ ಅವನ ಮುಖ ಬಂತು. 1927ರಲ್ಲಿ ಅವನ ಉದ್ದ ಕೂದಲು ಕತ್ತರಿಸುವುದನ್ನೇ ಒಂದು ಸಿನಿಮಾ ಮಾಡಿದರು. ಮಗುವಿನ ಕ್ಷೌರವೂ ಆದಾಯದ ಬಾಬತ್ತು!

1924ರಲ್ಲಿ ಅವನು ಇನ್ನೊಂದು ದೊಡ್ಡ ಕೆಲಸಕ್ಕೆ ಮುಖವಾದ. ಮೊದಲ ಮಹಾಯುದ್ಧ ಮತ್ತು ನರಮೇಧದಲ್ಲಿ ದಿಕ್ಕಿಲ್ಲದಂತಾದ ಆರ್ಮೇನಿಯನ್, ಗ್ರೀಕ್ ಮಕ್ಕಳಿಗಾಗಿ ನಿಯರ್ ಈಸ್ಟ್ ರಿಲೀಫ್ ಸಂಸ್ಥೆ ಬಟ್ಟೆ, ಆಹಾರ ಸಂಗ್ರಹಿಸುತ್ತಿತ್ತು. ಜಾಕಿ ಅದಕ್ಕಾಗಿ ಅಮೆರಿಕ ಸುತ್ತಿದ, ಯುರೋಪಿಗೆ ಹೋದ, ಪೋಪ್ ಅವರನ್ನೂ ಭೇಟಿಯಾದ. 10 ಲಕ್ಷ ಡಾಲರಿಗೂ ಹೆಚ್ಚು ಬೆಲೆಯ ಸಾಮಗ್ರಿ ಸೇರಿತು. ಅನಾಥ ಮಕ್ಕಳ ಹೊಟ್ಟೆಗೆ ದಾರಿ ಮಾಡಿದ ಒಂಬತ್ತು ವರ್ಷದ ಆ ಹುಡುಗನ ಸ್ವಂತ ಕೈಗೆ ಸಿಗುತ್ತಿದ್ದದ್ದು ವಾರಕ್ಕೆ ಆರೂಕಾಲು ಡಾಲರ್ ಅಂತ ನಂತರ ಕೇಸಿನ ಸಮಯದಲ್ಲಿ ಪತ್ರಿಕೆಗಳಲ್ಲಿ ಬಂತು.

ಇಷ್ಟಾದರೂ ಜಾಕಿಗೆ ಕೊರತೆಯಿತ್ತು ಅಂತ ಹೇಳಲಾಗದು. ದೊಡ್ಡ ಮನೆ ಇತ್ತು, ಪಾಠ ಹೇಳಲು ಮೇಷ್ಟ್ರು ಮನೆಗೇ ಬರುತ್ತಿದ್ದರು. ಹತ್ತು ವರ್ಷದವರೆಗೆ ಅವನು ಉಳಿದ ಮಕ್ಕಳ ಹಾಗೆ ಶಾಲೆಗೆ ಹೋಗಲಿಲ್ಲ ಅನ್ನೋದು ಬೇರೆ ಮಾತು. ಅಪ್ಪ ದುಡ್ಡಿನ ವಿಷಯದಲ್ಲಿ ಬಿಗಿಯಾಗಿದ್ದ, ಆಸ್ತಿ ಮಾಡುತ್ತಿದ್ದ. ಅದೆಲ್ಲ ತನಗಾಗಿಯೇ, ತನಗೆ 21 ತುಂಬಿದಾಗ ಕೈಗೆ ಬರುತ್ತದೆ ಅಂತ ಜಾಕಿ ನಂಬಿದ್ದ. ಬರೆದಿಟ್ಟ ಕಾಗದ ಯಾವುದೂ ಇರಲಿಲ್ಲ. ಅಪ್ಪ ಮಗನ ನಡುವೆ ಕಾಗದ ಯಾಕೆ, ಅಲ್ವಾ?

ಹುಡುಗ ಬೆಳೆದ. ದನಿ ಒಡೆಯಿತು, ಮುಖ ಉದ್ದವಾಯಿತು, ಅವಕಾಶ ಕಡಿಮೆಯಾಯಿತು. 1930ರಲ್ಲಿ 'ಟಾಮ್ ಸಾಯರ್', ಮರುವರ್ಷ 'ಹಕಲ್‌ಬೆರಿ ಫಿನ್' ಬಂದವು. ಅಷ್ಟರಲ್ಲಿ ಅವನ ತಮ್ಮ ರಾಬರ್ಟ್ ಕೂಡ ಕ್ಯಾಮೆರಾ ಮುಂದೆ ಬಂದಿದ್ದ. 1931ರ 'ಸ್ಕಿಪ್ಪಿ' ಸಿನಿಮಾದಲ್ಲಿ ನಟಿಸಿದಾಗ ರಾಬರ್ಟನಿಗೆ ಆರು ವರ್ಷ. ದೊಡ್ಡವನು ದೊಡ್ಡವನಾದ, ಚಿಕ್ಕವನು ಇದ್ದಾನಲ್ಲ.

1935ರ ಮೇ 4ರಂದು ಎಲ್ಲ ತಲೆಕೆಳಗಾಯಿತು. ಬೇಟೆ ಮುಗಿಸಿ ಮೆಕ್ಸಿಕೋ ಕಡೆಯಿಂದ ವಾಪಸಾಗುತ್ತಿದ್ದ ಕಾರು ಸ್ಯಾನ್ ಡಿಯೇಗೋ ಬಳಿಯ ಬೆಟ್ಟದ ರಸ್ತೆಯಲ್ಲಿ ಉರುಳಿಬಿತ್ತು. ಅಪ್ಪ ಸತ್ತ. ಜಾಕಿಯ ಗೆಳೆಯ, ಟಾಮ್ ಸಾಯರನ ಜೊತೆ ಹಕ್ ಆಗಿ ನಟಿಸಿದ್ದ ಜೂನಿಯರ್ ಡರ್ಕಿನ್ ಸತ್ತ. ಇನ್ನಿಬ್ಬರು ಸತ್ತರು. ಬದುಕಿ ಉಳಿದವನು ಜಾಕಿ ಒಬ್ಬನೇ. ಅವನಿಗೆ 21 ತುಂಬಲು ಇನ್ನು ಆರು ತಿಂಗಳಿಗೂ ಕಡಿಮೆ ಇತ್ತು. ಆಸ್ತಿಯೆಲ್ಲ ಅಮ್ಮನಿಗೆ ಹೋಯಿತು. ಆ ಕುಟುಂಬದ ಹಣಕಾಸಿನ ವ್ಯವಹಾರ ನೋಡಿಕೊಳ್ಳುತ್ತಿದ್ದವನು ಆರ್ಥರ್ ಬರ್ನ್‌ಸ್ಟೀನ್. ಮುಂದೆ ಅಮ್ಮ ಮದುವೆಯಾದದ್ದು ಅವನನ್ನೇ.

21 ತುಂಬಿತು. ಕೈಗೆ ಬರಬೇಕಾದ್ದು ಬರಲಿಲ್ಲ. 1937ರ ಕೊನೆಯಲ್ಲಿ ಜಾಕಿ ನಟಿ ಬೆಟ್ಟಿ ಗ್ರೇಬಲ್ ಅವರನ್ನು ಮದುವೆಯಾದ. ಸಂಸಾರ ಹೂಡಿದ ಹುಡುಗ ತನ್ನ ದುಡ್ಡು ಎಲ್ಲಿ ಅಂತ ಕೇಳಿದ. ಸರಿಯಾದ ಉತ್ತರ ಸಿಗದೆ 1938ರ ಏಪ್ರಿಲ್‌ನಲ್ಲಿ ಅಮ್ಮ ಮತ್ತು ಮಲತಂದೆಯ ಮೇಲೆ ಕೇಸು ಹಾಕಿದ. ಬಾಲ್ಯದಲ್ಲಿ ಅವನು ದುಡಿದದ್ದು 30ರಿಂದ 40 ಲಕ್ಷ ಡಾಲರ್ ಅಂತ ಅಂದಾಜು. ಅದರಲ್ಲಿ ಬಹುಪಾಲು ತುಪ್ಪಳದ ಕೋಟು, ವಜ್ರ, ಬೆಲೆಬಾಳುವ ಕಾರು ಅಂತ ಕರಗಿಹೋಗಿತ್ತು.

ಅಮ್ಮನ ಕಡೆಯವರ ವಾದವನ್ನು ಗಮನವಿಟ್ಟು ಕೇಳಬೇಕು. ಜಾಕಿಗೆ ಏನನ್ನಾದರೂ ಕೊಡ್ತೀವಿ ಅಂತ ಯಾರೂ ಯಾವತ್ತೂ ಮಾತು ಕೊಟ್ಟಿರಲಿಲ್ಲ. ವಯಸ್ಸಿಗೆ ಬರುವ ಮುಂಚೆ ಮಗು ದುಡಿದದ್ದೆಲ್ಲ ಹೆತ್ತವರದ್ದೇ. ಅವನು ಕೆಲಸ ಮಾಡಿದ್ದೇ ಇಲ್ಲ, ಕ್ಯಾಮೆರಾ ಮುಂದೆ ಖುಷಿಯಾಗಿ ಆಟ ಆಡಿದ್ದಷ್ಟೇ. ಜೊತೆಗೆ ಅವನು ಒಳ್ಳೆ ಹುಡುಗನೂ ಅಲ್ಲ.

ಇದರಲ್ಲಿ ಎರಡನೆಯ ವಾದ ಕಾನೂನಿನ ಪ್ರಕಾರ ಸರಿಯಾಗೇ ಇತ್ತು. ಅಂದಿನ ಕ್ಯಾಲಿಫೋರ್ನಿಯಾದಲ್ಲಿ ಅಪ್ರಾಪ್ತ ಮಗುವಿನ ದುಡಿಮೆಯ ಮೇಲೆ ಹಕ್ಕು ಹೆತ್ತವರದ್ದು. ಹೊಲದಲ್ಲಿ ಅಪ್ಪನ ಜೊತೆ ಗೇಯುವ ಮಗನನ್ನು ಮನಸ್ಸಲ್ಲಿಟ್ಟುಕೊಂಡು ಬಂದ ಹಳೆಯ ನಿಯಮ ಅದು. ಮನೆಯವರೆಲ್ಲ ಸೇರಿ ದುಡಿದು ಸೇರಿ ಉಣ್ಣುವ ಕಡೆ ಅದಕ್ಕೊಂದು ಅರ್ಥವಿತ್ತು. ಮನೆಮಂದಿಯೆಲ್ಲ ಒಂದು ಮಗುವಿನ ದುಡಿಮೆಯಲ್ಲಿ ಉಣ್ಣುವಾಗ ಆ ನಿಯಮ ಬೇರೆಯೇ ಆಗಿಬಿಡುತ್ತದೆ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಉಳಿದ ಎರಡು ಮಾತು. ಅವನು ಆಟ ಆಡಿದ್ದಷ್ಟೇ ಅಂದಾಗ ಅಮ್ಮ ಅವನ ಬಾಲ್ಯದ ಶ್ರಮವನ್ನು ಇಲ್ಲವಾಗಿಸಿದಳು. ಅವನು ಕೆಟ್ಟ ಹುಡುಗ ಅಂದಾಗ ಅವನ ಮೇಲಿನ ಪ್ರೀತಿಯನ್ನೂ ವಾಪಸು ತಗೊಂಡಳು. ಇಪ್ಪತ್ಮೂರು ವರ್ಷದವನು ಇದನ್ನೆಲ್ಲ ಕೇಳಿದ್ದು ಮನೆಯೊಳಗಿನ ಜಗಳದಲ್ಲಿ ಅಲ್ಲ, ಪತ್ರಿಕೆಯವರು ನೋಟ್‌ಬುಕ್ ಹಿಡಿದು ನಿಂತಿರುವಾಗ. ಅವತ್ತು ಜಾಕಿಯ ಮನಸ್ಸಿನಲ್ಲಿ ಏನು ನಡೀತು ಅಂತ ಹೇಳುವ ಅಧಿಕಾರ ನನಗಿಲ್ಲ. ಆದರೆ ಇಷ್ಟು ಹೇಳಬಹುದು: ದುಡ್ಡು ಕಳೆದುಕೊಂಡವನು ಮುಂದಕ್ಕೆ ನೋಡಿ ಅಳ್ತಾನೆ, ಇಷ್ಟು ಇದ್ದಿದ್ದರೆ ಹೀಗೆ ಬದುಕಬಹುದಿತ್ತು ಅಂತ. ಇಂಥ ಮಾತು ಕೇಳಿದ ಮಗ ಹಿಂದಕ್ಕೆ ನೋಡಬೇಕಾಗುತ್ತದೆ. ಅಮ್ಮ ತಲೆ ಬಾಚಿದ್ದು ನನಗಾಗಿಯೋ, ಕ್ಯಾಮೆರಾಗಾಗಿಯೋ? ಜ್ವರ ಬಂದಾಗ ಹೆದರಿದ್ದು ನನ್ನ ಬಗ್ಗೆಯೋ, ಶೂಟಿಂಗ್ ನಿಲ್ಲುತ್ತದೆ ಅಂತಲೋ? ಹಳೆಯ ಒಂದೊಂದು ನೆನಪಿಗೂ ಅನುಮಾನ ಅಂಟಿಕೊಳ್ಳುತ್ತದೆ. ಬಡತನದಲ್ಲಿ ಬೆಳೆದ ಎಷ್ಟೋ ಮಕ್ಕಳಿಗೆ ಈ ಅನುಮಾನ ಇರೋದಿಲ್ಲ. ದುಡ್ಡಿನ ಗೀಳು ಹಿಡಿದ ಮನೆ ಮಗುವಿನ ಭಾವಜೀವನಕ್ಕೆ ಮಾಡುವ ಹಾನಿ ಇದು. ಬೈಗುಳ, ಹೊಡೆತ ಇಲ್ಲದೆಯೂ ಇದು ಆಗುತ್ತದೆ.

1939ರಲ್ಲಿ ಕೇಸು ರಾಜಿಯಲ್ಲಿ ಮುಗಿಯಿತು. ಅಷ್ಟು ಹೊತ್ತಿಗೆ ಉಳಿದಿದ್ದದ್ದೇ ಸುಮಾರು ಎರಡೂವರೆ ಲಕ್ಷ ಡಾಲರ್. ಜಾಕಿ ಪಾಲಿಗೆ ಬಂದದ್ದು 1 ಲಕ್ಷ 26 ಸಾವಿರ. ಬೆಟ್ಟಿ ಗ್ರೇಬಲ್ ಜೊತೆಗಿನ ಮದುವೆಯೂ ಹೆಚ್ಚು ದಿನ ಬಾಳಲಿಲ್ಲ. ಕೈ ಬರಿದಾಗಿದ್ದ ದಿನಗಳಲ್ಲಿ ಚಾಪ್ಲಿನ್ ಹತ್ತಿರ ಹೋದಾಗ ಅವನು ಮರುಮಾತಿಲ್ಲದೆ ಸಾವಿರ ಡಾಲರ್ ಕೊಟ್ಟ ಅಂತ ಹೇಳ್ತಾರೆ. ಸಿನಿಮಾದೊಳಗಿನ ಸಾಕುತಂದೆ ಸಿನಿಮಾದ ಹೊರಗೂ ಒದಗಿದ.

ಮುಂದಿನದನ್ನು ಬೇಗ ಹೇಳ್ತೀನಿ. 1941ರಲ್ಲಿ ಜಾಕಿ ಸೈನ್ಯ ಸೇರಿ ಗ್ಲೈಡರ್ ಪೈಲಟ್ ಆದ. ಭಾರತಕ್ಕೂ ಬಂದ. 1944ರ ಮಾರ್ಚ್ 5ರ ರಾತ್ರಿ ಅಸ್ಸಾಮಿನ ಲಾಲಾಘಾಟ್‌ನಿಂದ ಹೊರಟ ಗ್ಲೈಡರುಗಳು ಬರ್ಮಾದಲ್ಲಿ ಜಪಾನೀ ಸೈನ್ಯದ ಬೆನ್ನ ಹಿಂದೆ ಸೈನಿಕರನ್ನು ಇಳಿಸಿದವು. ಅಪಾಯದ ಆ ಹಾರಾಟದಲ್ಲಿ ಅವನೂ ಇದ್ದ. ಯುದ್ಧದ ನಂತರ ಸಿಕ್ಕ ಸಣ್ಣಪುಟ್ಟ ಪಾತ್ರಗಳಲ್ಲಿ ಕಾಲ ಹಾಕಿದ. ಒಟ್ಟು ನಾಲ್ಕು ಮದುವೆ, ನಾಲ್ಕನೆಯದು ಕೊನೆತನಕ ಉಳಿಯಿತು. 1964ರಿಂದ 66ರವರೆಗೆ ಬಂದ 'ದಿ ಆಡಮ್ಸ್ ಫ್ಯಾಮಿಲಿ' ಎಂಬ ಟಿವಿ ಹಾಸ್ಯ ಸರಣಿಯಲ್ಲಿ ಬೋಳುತಲೆಯ ವಿಚಿತ್ರ ಅಂಕಲ್ ಫೆಸ್ಟರ್ ಆಗಿ ಮತ್ತೆ ಮನೆಮಾತಾದ. ಅವನ ಕೂದಲಿಗಾಗಿ ಹುಚ್ಚಾಗಿದ್ದ ಜನರ ಮಕ್ಕಳು ಅವನ ಬೋಳುತಲೆ ನೋಡಿ ನಕ್ಕರು. 1972ರಲ್ಲಿ ಚಾಪ್ಲಿನ್ ಇಪ್ಪತ್ತು ವರ್ಷಗಳ ನಂತರ ಅಮೆರಿಕಕ್ಕೆ ಬಂದಾಗ ಲಾಸ್ ಏಂಜಲೀಸಿನಲ್ಲಿ ಸ್ವಾಗತಿಸಿದವರಲ್ಲಿ ಜಾಕಿಯೂ ಇದ್ದ. 1984ರ ಮಾರ್ಚ್ 1ರಂದು, ತನ್ನ 69ನೇ ವಯಸ್ಸಿನಲ್ಲಿ ಅವನು ತೀರಿಕೊಂಡ.

ಕೇಸಿನಿಂದ ಎದ್ದ ಗದ್ದಲಕ್ಕೆ 1939ರಲ್ಲೇ ಕ್ಯಾಲಿಫೋರ್ನಿಯಾ ಬಾಲನಟರ ಕಾನೂನು ತಂದಿತು. ಆದರೆ ಅದರಲ್ಲಿ ಸಂದುಗಳಿದ್ದವು. ಕೋರ್ಟಿನ ಮುಂದೆ ಬಂದ ಕರಾರುಗಳಿಗಷ್ಟೇ ಅದು ಅನ್ವಯವಾಗುತ್ತಿತ್ತು. ಮಗುವಿನ ಸಂಪಾದನೆ ಮಗುವಿನದೇ ಅಂತ ಸ್ಪಷ್ಟವಾಗಿ ಹೇಳಿ, ಶೇ. 15ರ ನಿಯಮ ಎಲ್ಲರಿಗೂ ಬಂದದ್ದು 2000ನೇ ಇಸವಿಯಲ್ಲಿ. ಅರವತ್ತು ವರ್ಷ ಬೇಕಾಯಿತು! ಈಗ ಯೂಟ್ಯೂಬ್ ಕಾಲ. ಮಕ್ಕಳ ವಿಡಿಯೋ ಹಾಕಿ ದುಡಿಯುವ ಹೆತ್ತವರು ಅದರಲ್ಲೊಂದು ಪಾಲನ್ನು ಮಕ್ಕಳಿಗಾಗಿ ತೆಗೆದಿಡಬೇಕು ಅಂತ 2024ರಲ್ಲಿ ಇಲಿನಾಯ್ ರಾಜ್ಯದ ಕಾನೂನು ಜಾರಿಗೆ ಬಂತು, ಅದೇ ವರ್ಷ ಕ್ಯಾಲಿಫೋರ್ನಿಯಾ ಕೂಡ ಕಾನೂನು ಮಾಡಿತು.

ನಮ್ಮಲ್ಲಿ? ಕಾನೂನು ಇದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ, 2017ರಲ್ಲಿ ನಿಯಮ ಬಂದವು. ಸಿನಿಮಾ, ಟಿವಿ, ಜಾಹೀರಾತಿನಲ್ಲಿ ಮಗುವನ್ನು ಬಳಸಲು ನಿರ್ಮಾಪಕರು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೀಬೇಕು. ದಿನಕ್ಕೆ ಐದು ಗಂಟೆ ಮೀರುವಂತಿಲ್ಲ, ಬಿಡುವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ, ಸತತವಾಗಿ 27 ದಿನಕ್ಕಿಂತ ಹೆಚ್ಚು ದುಡಿಸುವಂತಿಲ್ಲ. ಸಂಪಾದನೆಯ ಕನಿಷ್ಠ ಶೇ. 20ರಷ್ಟನ್ನು ಮಗುವಿನ ಹೆಸರಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಮಗುವಿನ ಇಷ್ಟಕ್ಕೆ ವಿರುದ್ಧವಾಗಿ ಏನೂ ಮಾಡಿಸುವಂತಿಲ್ಲ. ಕಾಗದದ ಮೇಲೆ ಅಮೆರಿಕಕ್ಕಿಂತ ನಾವೇ ಒಂದು ಕೈ ಮುಂದೆ.

ಆದರೆ ಮಗುವಿನ ಇಷ್ಟ ಅನ್ನೋದು ಏನು? ಕಿರುತೆರೆಯ ಮಕ್ಕಳ ಶೋಗಳನ್ನು ನಾನೂ ನೋಡ್ತೀನಿ, ಆ ಮಕ್ಕಳ ಪ್ರತಿಭೆಗೆ ಬೆರಗಾಗ್ತೀನಿ. ಡೈಲಾಗು ಮರೆತ ಮಗು ಮೊದಲು ನೋಡೋದು ತೀರ್ಪುಗಾರರ ಕಡೆ ಅಲ್ಲ, ಪ್ರೇಕ್ಷಕರ ನಡುವೆ ಕೂತ ಅಪ್ಪ ಅಮ್ಮನ ಕಡೆ. ಅಮ್ಮನ ಮುಖ ಅರಳಿದರೆ ಅದರ ಮುಖವೂ ಅರಳುತ್ತದೆ. ಹೆತ್ತವರನ್ನು ಖುಷಿಪಡಿಸೋದೇ ಇಷ್ಟವಾಗಿರುವ ವಯಸ್ಸಿನಲ್ಲಿ ನಿನಗೆ ಇಷ್ಟವಾ ಅಂತ ಕೇಳಿದರೆ ಯಾವ ಮಗು ಇಲ್ಲ ಅನ್ನುತ್ತದೆ? ಅವನಿಗೆ ಇದು ತುಂಬಾ ಖುಷಿ ಸಾರ್, ಆಟದ ಥರ ಮಾಡ್ತಾನೆ ಅನ್ನೋ ಮಾತನ್ನು ನಾವು ದಿನಾ ಕೇಳ್ತೀವಿ. ಲಿಲಿಯನ್ ಕೂಗನ್ ಕಡೆಯ ವಾದವೂ ಇದೇ ಆಗಿತ್ತು. ಇನ್ನು ಮನೆಯೊಳಗೆ ಮೊಬೈಲ್ ಹಿಡಿದು ಮಗುವಿನ ವಿಡಿಯೋ ಮಾಡುವ ಕಡೆ ನಿರ್ಮಾಪಕರೂ ಹೆತ್ತವರೇ, ಕಾಯಬೇಕಾದವರೂ ಹೆತ್ತವರೇ. ಅಲ್ಲಿ ಯಾರು ಯಾರ ಅನುಮತಿ ಕೇಳಬೇಕು?

ಇದು ಕ್ಯಾಮೆರಾ ಮುಂದೆ ನಿಂತ ಮಕ್ಕಳ ಸಮಸ್ಯೆ ಮಾತ್ರ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ದುಡ್ಡೇ ದೊಡ್ಡಪ್ಪ ಅನ್ನುವ ಗಾದೆ ನಮ್ಮದೇ. ಕೋಚಿಂಗಿಗೆ ಇಷ್ಟು ಸುರಿದಿದ್ದೀವಿ, ಡೊನೇಷನ್ ಅಷ್ಟು ಕಟ್ಟಿದ್ದೀವಿ, ನಿನ್ನ ಮೇಲೆ ಹಾಕಿದ್ದು ಯಾವಾಗ ವಾಪಸು ಬರುತ್ತೆ ಅಂತ ಊಟದ ತಟ್ಟೆಯ ಮುಂದೆ ಲೆಕ್ಕ ಒಪ್ಪಿಸುವ ಮನೆಗಳು ಎಷ್ಟಿಲ್ಲ? ಪಕ್ಕದ ಮನೆ ಹುಡುಗನ ಪ್ಯಾಕೇಜ್ ಎಷ್ಟು ಅನ್ನೋದು ಹತ್ತನೇ ಕ್ಲಾಸಿನ ಮಗುವಿಗೂ ಗೊತ್ತಿರುತ್ತದೆ. ಅಂಥ ಮನೆಯ ಮಗು ಬೇಗನೆ ಒಂದು ಪಾಠ ಕಲಿಯುತ್ತದೆ: ಇಲ್ಲಿ ನನಗಿರುವ ಜಾಗ ನಾನು ತರುವ ಅಂಕ, ಸಂಬಳ, ಹೆಸರಿಗೆ ತಕ್ಕಷ್ಟು. ಮುಂದೆ ಅದು ಚೆನ್ನಾಗಿಯೇ ದುಡಿಯಬಹುದು. ಹೆತ್ತವರಿಗೆ ತಪ್ಪದೆ ದುಡ್ಡನ್ನೂ ಕಳಿಸಬಹುದು. ಸೋತು ಬಂದ ದಿನ ಮಾತ್ರ ಮನೆಗೆ ಫೋನ್ ಮಾಡೋದಿಲ್ಲ.

ಶೇ. 20ರ ಠೇವಣಿ ಸರಿಯಾಗಿ ಇಡ್ತಿದ್ದಾರಾ ಅಂತ ಸರ್ಕಾರ ನೋಡಬೇಕು, ನಾವು ಕೇಳಬೇಕು. ಜಿಲ್ಲಾಡಳಿತಗಳು ಎಷ್ಟು ಅನುಮತಿ ಕೊಟ್ಟಿವೆ, ಎಷ್ಟು ಕಡೆ ತಪಾಸಣೆ ಮಾಡಿವೆ ಅನ್ನೋದು ಜನರ ಮುಂದೆ ಬರಬೇಕು. ಮನೆಯೊಳಗಿನ ಚಾನೆಲ್ಲುಗಳ ಆದಾಯಕ್ಕೂ ಇಂಥದ್ದೊಂದು ನಿಯಮ ಬೇಕು. ಇಷ್ಟನ್ನು ಕಾನೂನು ಮಾಡಬಲ್ಲದು, ಮಾಡಲೇಬೇಕು. ಉಳಿದದ್ದು ಮನೆಯಲ್ಲೇ ಆಗಬೇಕಾದ ಕೆಲಸ. ಮಗು ಒಂದು ದಿನ ಇದೆಲ್ಲ ಸಾಕು, ಇನ್ನು ಮಾಡಲ್ಲ ಅಂತ ಹೇಳಿದರೆ ಮನೆಯಲ್ಲಿ ಏನಾಗುತ್ತದೆ? ಆ ರಾತ್ರಿಯ ಊಟ ಎಂದಿನಂತೆಯೇ ನಡೆಯುತ್ತದಾ? ಜಾಕಿ ಕೂಗನ್ನನ ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅವನಿಗೆ ಇಪ್ಪತ್ಮೂರು ವರ್ಷವಾದಾಗ, ಕೋರ್ಟಿನ ಮೂಲಕ. ನಮ್ಮ ಮಕ್ಕಳಿಗೆ ಅದು ಮೊದಲೇ, ಮನೆಯಲ್ಲೇ ಗೊತ್ತಿರಬೇಕು.